ಹರಳುಗಟ್ಟಲೇಬೇಕಾದ ಪಾಕ

ನಮ್ಮ ಕಡೆಯ ಅಡುಗೆಮನೆಗಳಲ್ಲಿ ಪಾಕ ಹರಳುಗಟ್ಟುವುದೆಂದರೆ ಮಾಡಿದವರ ಮಾನ ಹೋಗುವ ಸಂಗತಿ. ಜಾಮೂನಿನ ಬಟ್ಟಲಿನ ಅಂಚಿನಲ್ಲಿ ಒಂದಿಷ್ಟು ಬಿಳಿಯ ಪುಡಿ ಕಾಣಿಸಿಕೊಂಡಿತೆಂದರೆ ಬಂದ ನೆಂಟರು ಎದುರಿಗೆ ಏನೂ ಹೇಳದಿದ್ದರೂ ಮನೆಗೆ ಹೋದ ಮೇಲೆ ಹೇಳಿಯೇ ಹೇಳುತ್ತಾರೆ. ಈ ಭಯವನ್ನು ನಮ್ಮ ತಾಯಂದಿರು ಒಂದೆಳೆ, ಎರಡೆಳೆ ಪಾಕದ ವಿದ್ಯೆಯ ಜೊತೆಯಲ್ಲಿಯೇ ನಮಗೆ ಧಾರೆಯೆರೆದುಕೊಟ್ಟಿದ್ದಾರೆ. ಅಂಥ ಸಂಸ್ಕಾರವನ್ನು ಕಟ್ಟಿಕೊಂಡು ಮೈಸೂರಿನಿಂದ ನ್ಯೂರೆಂಬರ್ಗಿಗೆ ಬಂದವಳು, ಗೆಬ್ರಾಂಟೆ ಮಾಂಡೆಲ್ನ್ ಎಂಬ ಜರ್ಮನಿಯ ಸಕ್ಕರೆ ಬಾದಾಮಿಯನ್ನು ಮನೆಯಲ್ಲಿಯೇ ಮಾಡಲು ಹೊರಟರೆ ಏನಾಗಬೇಕೋ ಅದೇ ಆಯಿತು. ಈ ತಿನಿಸಿನಲ್ಲಿ ಪಾಕ ಹರಳುಗಟ್ಟದಿದ್ದರೆ ಅದು ತಿನಿಸೇ ಆಗುವುದಿಲ್ಲ.

ಡಿಸೆಂಬರಿನಲ್ಲಿ ಈ ಊರಿನಲ್ಲಿ ಇರುವವರು ಸಕ್ಕರೆ ಬಾದಾಮಿಯಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ಹಾಪ್ಟ್‌ಮಾರ್ಕ್ಟ್ ಚೌಕದಲ್ಲಿ, ಫ್ರಾವೆನ್‌ಕಿರ್ಖೆ ಎಂಬ ಇಗರ್ಜಿಯ ಎದುರಿಗೆ, ಕೆಂಪು ಬಿಳಿ ಪಟ್ಟೆಯ ಬಟ್ಟೆ ಹೊದ್ದ ಮರದ ಮಳಿಗೆಗಳು ಸಾಲಾಗಿ ನಿಲ್ಲುತ್ತವೆ. ಈ ಸಂತೆಗೆ ಸಿಗುವ ಅತ್ಯಂತ ಹಳೆಯ ಪುರಾವೆ 1628ರದು. ಅಲ್ಲಿ ಬಾದಾಮಿ ಮಾರುವವರು ಬೋರ್ಡು ಹಾಕದಿದ್ದರೂ ನಡೆಯುತ್ತದೆ. ತಾಮ್ರದ ಕೊಪ್ಪರಿಗೆಯಲ್ಲಿ ಸಕ್ಕರೆ ಕಂದುಬಣ್ಣಕ್ಕೆ ತಿರುಗುವಾಗ ಏಳುವ ದಾಲ್ಚಿನ್ನಿಯ ಘಮವೇ ಚೌಕದ ಆಚೆಯ ಬೀದಿಯವರೆಗೂ ಬಂದು ಗಿರಾಕಿಯನ್ನು ಕೈಹಿಡಿದು ಕರೆದೊಯ್ಯುತ್ತದೆ. ಕಾಗದದ ಶಂಕುವಿನಾಕಾರದ ಪೊಟ್ಟಣದಲ್ಲಿ ಬಿಸಿಬಿಸಿಯಾಗಿ ಕೊಡುತ್ತಾರೆ. ಕೈಗವಸು ತೆಗೆದರೆ ಚಳಿ, ತೆಗೆಯದಿದ್ದರೆ ಅಂಟು ಎಂಬ ಧರ್ಮಸಂಕಟದಲ್ಲಿ ನಿಂತುಕೊಂಡೇ ತಿನ್ನಬೇಕು.

ನಾನು ಹಾಗೆ ತಿನ್ನುತ್ತಿದ್ದಾಗ ನಮ್ಮ ಯಜಮಾನರು ಲೆಕ್ಕ ಹಾಕುತ್ತಿದ್ದರು. ಒಂದು ಸಣ್ಣ ಪೊಟ್ಟಣಕ್ಕೆ ಕೊಟ್ಟ ಹಣದಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲಿ ಎಷ್ಟು ಬಾದಾಮಿ ಬರುತ್ತದೆ ಎಂಬುದನ್ನು ಅವರು ಹಿಂದಿರುಗುವ ಟ್ರ್ಯಾಮಿನಲ್ಲಿ ನನಗೆ ವಿವರಿಸಿ, ಮರುದಿನ ಊಟಕ್ಕೆ ಬರಲಿದ್ದ ಅತಿಥಿಗಳಿಗೆ ನಾವೇ ಮಾಡಿ ಕೊಡುವುದು ಮಿತವ್ಯಯವೂ ಹೌದು, ಮರ್ಯಾದೆಯೂ ಹೌದು ಎಂದು ತೀರ್ಮಾನಿಸಿದರು. ಮಾಡುವ ಕ್ರಮವೇನೋ ಮಗುವಿಗೂ ಬಾಯಿಪಾಠ ಬರುವಷ್ಟು ಸರಳವಾಗಿತ್ತು: 200 ಗ್ರಾಂ ಬಾದಾಮಿ, ಅಷ್ಟೇ ಸಕ್ಕರೆ, 100 ಮಿಲಿಲೀಟರ್ ನೀರು, 8 ಗ್ರಾಮಿನ ಒಂದು ವೆನಿಲಾ ಸಕ್ಕರೆಯ ಪೊಟ್ಟಣ, ಅರ್ಧ ಚಮಚ ದಾಲ್ಚಿನ್ನಿ ಪುಡಿ. ಎಲ್ಲವನ್ನೂ ಕುದಿಸಬೇಕು, ನೀರು ಆರುವವರೆಗೆ ಕೈಯಾಡಿಸಬೇಕು, ಸಕ್ಕರೆ ಒಣಗಿ ಮರಳಿನಂತಾಗಬೇಕು, ಆ ಮರಳು ಮತ್ತೆ ಕರಗಿ ಬಾದಾಮಿಗೆ ಹೊಳಪಿನ ಕವಚವಾಗಬೇಕು.

ಅಮ್ಮನಿಗೆ ವಿಡಿಯೋ ಕರೆ ಮಾಡದೆ ಇದ್ದಿದ್ದರೆ ಅಂದೇ ಮಧ್ಯಾಹ್ನ ಇದು ಮುಗಿದುಹೋಗುತ್ತಿತ್ತೇನೋ. ಮೈಸೂರಿನಲ್ಲಿ ಆಗ ರಾತ್ರಿ ಊಟದ ಹೊತ್ತು. ಬಾದಾಮಿಯನ್ನು ನೆನೆಸಿ ಸಿಪ್ಪೆ ಸುಲಿಯದೆ ಪಾಕಕ್ಕೆ ಹಾಕುತ್ತಾರೆಂಬುದನ್ನು ಕೇಳಿಯೇ ಅವರಿಗೆ ಜರ್ಮನಿಯ ನಾಗರಿಕತೆಯ ಮೇಲಿದ್ದ ಗೌರವ ಅರ್ಧ ಇಳಿಯಿತು. "ಸಿಪ್ಪೆ ಸಮೇತ ಯಾರಾದ್ರೂ ತಿಂತಾರೇನೇ? ಉಷ್ಣ ಅದು" ಎಂದರು. ಬಿಸಿನೀರಿನಲ್ಲಿ ನೆನೆಸಿ, ಸುಲಿದು, ಅವರಿಗೆ ಕ್ಯಾಮೆರಾದಲ್ಲಿ ತೋರಿಸಿದ ಮೇಲೆಯೇ ಒಲೆ ಹೊತ್ತಿಸಲು ಅಪ್ಪಣೆ ದೊರೆಯಿತು. ಆ ಒರಟು ಸಿಪ್ಪೆಯ ಸುಕ್ಕುಗಳೇ ಸಕ್ಕರೆ ಹಿಡಿದು ನಿಲ್ಲುವ ಜಾಗವೆಂಬುದು, ಸುಲಿದ ನುಣುಪು ಬಾದಾಮಿಯ ಮೇಲಿನಿಂದ ಪಾಕ ಜಾರಿ ಜಾರಿ ತಳ ಸೇರುವುದನ್ನು ಕಂಡಾಗ ತಾನಾಗಿಯೇ ಅರ್ಥವಾಯಿತು.

ಅಷ್ಟರಲ್ಲಿ ಪಾಕದ ಅಂಚಿನಲ್ಲಿ ಬಿಳುಪು ಇಣುಕಿತು. ಏಳು ಸಾವಿರ ಕಿಲೋಮೀಟರಿಗೂ ಆಚೆ ಕುಳಿತ ಅಮ್ಮನ ಕಣ್ಣಿಗೆ ಅದು ನನಗಿಂತ ಮೊದಲು ಬಿತ್ತು. "ಅಯ್ಯೋ, ಹರಳು ಕಟ್ತಾ ಇದೆ, ನಿಂಬೆಹಣ್ಣು ಹಿಂಡೇ!" ಎಂದು ಅವರು ಕೂಗಿದ ಧಾಟಿಗೆ ನಮ್ಮ ಯಜಮಾನರು ನನ್ನನ್ನು ಕೇಳದೆಯೇ ಅರ್ಧ ಹೋಳು ಹಿಂಡಿಬಿಟ್ಟರು, ಅತ್ತೆಯ ಮಾತನ್ನು ಅವರು ಇಷ್ಟು ತ್ವರಿತವಾಗಿ ನಡೆಸಿಕೊಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಿಂಬೆಯ ಹುಳಿಯು ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಒಡೆಯುತ್ತದೆ, ಆ ಎರಡೂ ನಡುವೆ ಸೇರಿಕೊಂಡು ಹರಳು ಕಟ್ಟಲು ಬಿಡುವುದಿಲ್ಲ. ಜಾಮೂನಿಗೆ ಇದು ವರ. ಇಲ್ಲಿ ಮಾತ್ರ ನಾವು ಎಷ್ಟೇ ಕೈಯಾಡಿಸಿದರೂ ಪಾಕವು ಮರಳಾಗುವ ಲಕ್ಷಣವನ್ನೇ ತೋರಿಸದೆ ದಪ್ಪವಾಗುತ್ತ, ಎಳೆಯಾಗುತ್ತ, ಕೊನೆಗೆ ಸೌಟನ್ನು ಪಾತ್ರೆಗೆ ಶಾಶ್ವತವಾಗಿ ಒಪ್ಪಿಸಿಕೊಂಡಿತು. ಅಮ್ಮ ಮಾತ್ರ "ನೋಡು, ಒಂದು ಹರಳೂ ಇಲ್ಲ" ಎಂದು ಸಂತೋಷಪಟ್ಟು ಮಲಗಲು ಹೋದರು.

ನಮ್ಮ ಊರಿರುವ ಬವೇರಿಯ ರಾಜ್ಯದಲ್ಲಿ ಅಂಗಡಿಗಳು ರಾತ್ರಿ 8 ಗಂಟೆಗೆ ಬಾಗಿಲು ಹಾಕುತ್ತವೆ. ಶನಿವಾರ ಹಾಕಿದ ಬಾಗಿಲು ಸೋಮವಾರವೇ ತೆರೆಯುವುದು. ಯಜಮಾನರು ಓಡಿಹೋಗಿ ಬಾದಾಮಿಯನ್ನು ತಂದರು, ಬೇಕಿಂಗ್ ಪೇಪರ್ ತರಲಿಲ್ಲ. ಅದರ ಬದಲಿಗೆ ಎಲ್ಲಿಂದಲೋ ಒಂದು ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹುಡುಕಿ ತೆಗೆದರು. ಶುದ್ಧ ಸಕ್ಕರೆ ಕರಗುವುದಕ್ಕೆ ಸುಮಾರು 186 ಡಿಗ್ರಿ ಶಾಖ ಬೇಕೆಂದು ಓದಿಕೊಂಡಿದ್ದ ಅವರು, ಅಂಗೈಯಗಲದ ಆ ಪಿಸ್ತೂಲನ್ನು ಹೊಳೆಯುವ ಸ್ಟೀಲ್ ಪಾತ್ರೆಯ ಗೋಡೆಗೆ ಗುರಿಯಿಟ್ಟು "ಇನ್ನೂ 70 ಡಿಗ್ರಿ" ಎಂದು ಘೋಷಿಸಿದರು. ಹೊಳೆಯುವ ಲೋಹದ ಮುಂದೆ ಅಂಥ ಉಪಕರಣಗಳು ಸುಳ್ಳು ಹೇಳುತ್ತವೆ. ಎದುರಿಗೆ ಕುದಿಯುತ್ತಿರುವ ನೀರೇ ನೂರು ಡಿಗ್ರಿ ಎಂದು ಸಾರುತ್ತಿದ್ದರೂ ಇಂಜಿನಿಯರಾದವರು ಉಪಕರಣವನ್ನೇ ನಂಬುತ್ತಾರೆ. ಉರಿ ಏರಿತು.

ಈ ಸಲ ಸಿಪ್ಪೆಯೂ ಇತ್ತು, ನಿಂಬೆಯೂ ಇರಲಿಲ್ಲ. ನೀರು ಆರಿ, ಗುಳ್ಳೆಗಳು ದಪ್ಪವಾಗಿ, ಇದ್ದಕ್ಕಿದ್ದಂತೆ ಇಡೀ ಪಾತ್ರೆ ಮಂಕಾಯಿತು. ಕಂದು ಪಾಕವಿದ್ದಲ್ಲಿ ಈಗ ಒಣ ಬಿಳಿ ಮರಳು; ಅದರೊಳಗೆ ಬಾದಾಮಿಗಳು ಗರಗರ ಸದ್ದು ಮಾಡುತ್ತ ಉರುಳುತ್ತಿದ್ದವು. ಪುಸ್ತಕದಲ್ಲಿ ಹೀಗೆಯೇ ಆಗುತ್ತದೆಂದು ಬರೆದಿರುವುದು ಬೇರೆ, ಹರಳುಗಟ್ಟಿದ ಪಾಕವನ್ನು ಕಣ್ಣಾರೆ ನೋಡಿಯೂ ಸೌಟು ಕೆಳಗಿಡದೆ ಇರುವುದು ಬೇರೆ. ನಾನು ಜೋರಾಗಿ ಕೈಯಾಡಿಸಿದ ರಭಸಕ್ಕೆ ಒಂದು ಹಿಡಿ ಮರಳು ಪಾತ್ರೆಯಿಂದ ಹಾರಿ ಕಾದ ಗಾಜಿನ ಒಲೆಯ ಮೇಲೆ ಬಿದ್ದು ಹೊಗೆಯಾಯಿತು. ಒಲೆಯನ್ನು ಆರಿಸಿದೆವು. ಆದರೆ ಈ ಗಾಜಿನ ಒಲೆಗಳು ಗ್ಯಾಸಿನ ಒಲೆಗಳಲ್ಲ. ಗುಂಡಿ ತಿರುಗಿಸಿದ ಮೇಲೂ ಬಹಳ ಹೊತ್ತು ತಮ್ಮ ಕೋಪವನ್ನು ಉಳಿಸಿಕೊಂಡಿರುತ್ತವೆ. ಹೊಗೆ ಮೊಗಸಾಲೆ ದಾಟಿತು, ಅಲ್ಲಿನ ಚಾವಣಿಯಲ್ಲಿ ಕಾನೂನಿನ ಪ್ರಕಾರ ಕೂತಿದ್ದ ಹೊಗೆ ಅಲಾರಾಂ ಅರಚತೊಡಗಿತು, ಮತ್ತು ಆಗ ಗಂಟೆ ರಾತ್ರಿ ಹತ್ತು ಮೀರಿತ್ತು. ಹತ್ತರ ನಂತರ ಸದ್ದು ಮಾಡುವುದು ಈ ದೇಶದಲ್ಲಿ ಎಂಥ ಅಪರಾಧವೆಂದು ಬಲ್ಲ ಯಜಮಾನರು ಕುರ್ಚಿ ಹತ್ತಿ, ಟವೆಲ್ಲು ಬೀಸಿ, ಅಲಾರಾಮಿನ ಕ್ಷಮೆ ಯಾಚಿಸುತ್ತಿದ್ದರು.

ಕರೆಗಂಟೆಯಾಯಿತು. ಕೆಳಮನೆಯ ಅಜ್ಜಿ ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು ನಿಂತಿದ್ದರು. ಬೈಸಿಕೊಳ್ಳಲು ನಾವು ಸಿದ್ಧರಾಗಿದ್ದೆವು. ಅವರು ಮೂಗು ಮೇಲೆತ್ತಿ ವಾಸನೆ ಹಿಡಿದು, ನಮ್ಮಿಬ್ಬರನ್ನೂ ದಾಟಿ ನೇರವಾಗಿ ಅಡುಗೆಮನೆಗೆ ನಡೆದರು. ಮೊದಲು ಕೇಳಿದ್ದು ಒಲೆ ಹೆರೆಯುವ ಬ್ಲೇಡು ಎಲ್ಲಿದೆ ಎಂದು. ಗಾಜಿನ ಮೇಲೆ ಬಿದ್ದ ಸಕ್ಕರೆಯನ್ನು ಬಿಸಿಯಿರುವಾಗಲೇ ಹೆರೆದು ತೆಗೆಯಬೇಕು. ಆರಲು ಬಿಟ್ಟರೆ ಅದು ಗಾಜನ್ನೇ ಕಿತ್ತುಕೊಂಡು ಏಳುತ್ತದೆ. ಬ್ಲೇಡನ್ನು ಓರೆಯಾಗಿ ಹಿಡಿದು ಅವರು ನಾಲ್ಕು ಸಲ ಎಳೆದಾಗ ಕರಿಹೊಪ್ಪಳೆ ಪೂರ್ತಿಯಾಗಿ ಸುರುಳಿ ಸುತ್ತಿಕೊಂಡು ಬಂದಿತು. ಆಮೇಲೆ ಕಸದ ಬುಟ್ಟಿಯತ್ತ ಹೊರಟಿದ್ದ ನಮ್ಮ ಮರಳಿನ ಪಾತ್ರೆಯನ್ನು ಯಜಮಾನರ ಕೈಯಿಂದ ಕಿತ್ತುಕೊಂಡು, ಒಲೆಯ ಮೇಲಿಟ್ಟು, ಕೈಯಾಡಿಸುತ್ತಲೇ ಇರಬೇಕೆಂದು ಜರ್ಮನ್ನಿನಲ್ಲಿ ಅಪ್ಪಣೆ ಮಾಡಿದರು. ತಳದಲ್ಲಿ ಮರಳು ಕರಗಿ ಜೇನಿನ ಬಣ್ಣದ ಪಸೆಯಾಯಿತು, ಆ ಪಸೆ ಒಂದೊಂದೇ ಬಾದಾಮಿಯನ್ನು ಸವರಿಕೊಂಡು ಬಂದಿತು. ಅರ್ಧ ಹೊಳಪು, ಅರ್ಧ ಒರಟು ಇರುವಾಗಲೇ ಅಜ್ಜಿ ಇಳಿಸಿದರು. ಎಲ್ಲವೂ ಹೊಳೆಯಲೆಂದು ಕಾದರೆ ಕಹಿಯಾಗುತ್ತದಂತೆ.

ಬೇಕಿಂಗ್ ಪೇಪರ್ ಇಲ್ಲವೆಂಬುದನ್ನು ಕೇಳಿ ಅವರು ಮೊದಲ ಬಾರಿಗೆ ದಿಗ್ಭ್ರಮೆಗೊಂಡರು. ಇಲ್ಲಿ ಮೈಸೂರು ಪಾಕಿನ ವಿದ್ಯೆ ಕೈಬಿಡಲಿಲ್ಲ. ಅಗಲವಾದ ಸ್ಟೀಲ್ ತಟ್ಟೆಗೆ ತುಪ್ಪ ಸವರಿ ಸುರಿದು, ಎರಡು ಫೋರ್ಕುಗಳಿಂದ ಬಿಡಿಬಿಡಿಯಾಗಿ ಬೇರ್ಪಡಿಸಿದೆವು, ಒಂದೂ ಅಂಟಲಿಲ್ಲ. ತುಪ್ಪದ ಪರಿಮಳ ಬೆರೆತ ಬಾದಾಮಿಯನ್ನು ಅಜ್ಜಿ ತಿಂದು, ಇದು ಸರಿಯಾದ ಕ್ರಮವಲ್ಲ ಎಂದು ಹೇಳಿ, ಕೋಟಿನ ಜೇಬಿಗೆ ಇನ್ನೊಂದು ಹಿಡಿ ಹಾಕಿಕೊಂಡು ಕೆಳಗಿಳಿದರು. ಅವರು ಹೇಳಿಹೋದಂತೆ ಕರಕಲು ಪಾತ್ರೆಯನ್ನು ಉಜ್ಜುವ ಬದಲು ನೀರು ತುಂಬಿ ಕುದಿಸಿದಾಗ, ಮಧ್ಯಾಹ್ನದಿಂದ ಸಿಕ್ಕಿಬಿದ್ದಿದ್ದ ಸೌಟಿಗೂ ಬಿಡುಗಡೆಯಾಯಿತು.

ಇಷ್ಟಾದ ಮೇಲೆ ನಾನು ಮಲಗಲು ಹೋದೆ. ಬಾದಾಮಿಯ ಗರಿಗರಿತನ ಗಾಳಿಗೆ ಕೆಟ್ಟೀತೆಂದು ಯಜಮಾನರು ಅದನ್ನು ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರು. ಬಿಸಿಯ ಹಬೆ ಒಳಗೇ ನಿಂತು, ಸಕ್ಕರೆ ನೀರೊಡೆದು, ಬೆಳಗಾಗುವಷ್ಟರಲ್ಲಿ ಎಲ್ಲವೂ ಡಬ್ಬಿಯ ಆಕಾರದ ಒಂದೇ ಗಡ್ಡೆಯಾಗಿತ್ತು. ಅದನ್ನು ಬಿಡಿಸಲು ಸುತ್ತಿಗೆಯೇ ಬೇಕಾಗಿತ್ತು. ಆದರೆ ಅಂದು ಭಾನುವಾರ, ಜರ್ಮನಿಯಲ್ಲಿ ಭಾನುವಾರ ಮನೆಯಲ್ಲಿ ಸುತ್ತಿಗೆ ಎತ್ತುವಂತಿಲ್ಲ. ಹಿಂದಿನ ರಾತ್ರಿಯ ಅಲಾರಾಮಿನ ನಂತರ ಕೆಳಮನೆಯವರ ಔದಾರ್ಯವನ್ನು ಮತ್ತೊಮ್ಮೆ ಪರೀಕ್ಷಿಸುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಸಂಜೆ ಬಂದ ಅತಿಥಿಗಳಿಗೆ ಸಂತೆಯಿಂದ ದುಡ್ಡು ಕೊಟ್ಟು ತಂದ ಬಾದಾಮಿಯನ್ನು ಬಡಿಸಿ, ನಮ್ಮದನ್ನು ಸೋಮವಾರ ಬೆಳಗ್ಗೆ ಒಡೆದೆವು.