ಮಧ್ಯಾಹ್ನ ಮೂರು ಗಂಟೆಗೆ ಲೈಟು

ಇವತ್ತು ಹೊರವರ್ತುಲ ರಸ್ತೆಯ ಹತ್ತಿರ ಒಂದು ಹೊಸ ಆಫೀಸಿಗೆ ಹೋಗಿದ್ದೆ. ಯಾರದ್ದು ಅಂತ ಕೇಳಬೇಡಿ, ಹೇಳಲ್ಲ. ಹನ್ನೊಂದು ಮಹಡಿ. ಬುಡದಿಂದ ತುದಿವರೆಗೆ ಗಾಜು. ಮುಖ ಸರಿಯಾಗಿ ಪಶ್ಚಿಮಕ್ಕೆ. ಮಧ್ಯಾಹ್ನ ಮೂರು ಗಂಟೆ, ಏಪ್ರಿಲ್ ಬಿಸಿಲು. ಒಳಗೆ ಹೋಗಿ ನೋಡಿದರೆ ಆ ಗಾಜಿಗೆಲ್ಲಾ ದಪ್ಪ ಪರದೆ ಇಳಿಬಿಟ್ಟಿದ್ದಾರೆ. ಕತ್ತಲಾಯ್ತು ಅಂತ ಸಾಲು ಸಾಲು ಲೈಟು. ಏಸಿ ಎಷ್ಟು ಜೋರು ಅಂದರೆ ಒಂದಷ್ಟು ಹುಡುಗಿಯರು ಶಾಲು ಹೊದ್ದು ಕೂತಿದ್ದರು. ಮಾಲೀಕರು ಹೆಮ್ಮೆಯಿಂದ ಹೇಳಿದರು: "ನ್ಯಾಚುರಲ್ ಲೈಟ್ ಚೆನ್ನಾಗಿ ಬರಲಿ ಅಂತ ಫುಲ್ ಗ್ಲಾಸ್ ಮಾಡಿಸಿದ್ದೀವಿ ಸಾರ್."

ನಾನು ಪರದೆ ನೋಡಿದೆ. ಅವರು ನನ್ನನ್ನು ನೋಡಿದರು. ಕಾಫಿ ಬಂತು, ಬಾಯಿ ಮುಚ್ಚಿಕೊಂಡೆ. ಅಲ್ಲಿ ಮುಚ್ಚಿದ ಬಾಯಿ ಇಲ್ಲಿ ಬಿಡ್ತಾ ಇದ್ದೀನಿ, ಸಹಿಸಿಕೊಳ್ಳಿ.

ನನ್ನ ಸಿಟ್ಟಿಗೆ ಕಾರಣ ಬರೀ ಕರೆಂಟ್ ಬಿಲ್ ಅಲ್ಲ. ಈ ಊರಿನ ಬಿಸಿಲು ಎಲ್ಲಿಂದ ಬರುತ್ತೆ, ಯಾವ ಗೋಡೆಗೆ ಎಷ್ಟು ಹೊತ್ತು ಬೀಳುತ್ತೆ ಅಂತ ಎಂಬತ್ತು ವರ್ಷದ ಹಿಂದೆಯೇ ಕೂತು ಲೆಕ್ಕ ಹಾಕಿದ ಒಬ್ಬ ಮನುಷ್ಯ ಇಲ್ಲೇ ಇದ್ದರು. ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿ. ಹೆಸರು ಒಟ್ಟೊ ಕೋನಿಗ್ಸ್‌ಬರ್ಗರ್. ಮಾಲೀಕರಿಗೆ ಬೇಡ, ಅವರ ಆರ್ಕಿಟೆಕ್ಟ್‌ಗಾದರೂ ಈ ಹೆಸರು ಗೊತ್ತಾ ಅಂತ ಕೇಳಿದೆ. "ಬಿಯರ್ ಬ್ರ್ಯಾಂಡಾ ಸಾರ್?" ಅಂದ ಪುಣ್ಯಾತ್ಮ.

ಅಲ್ಲಪ್ಪ. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ ಮನೆತನದ ಹುಡುಗ. ತಂದೆಯೂ ಆರ್ಕಿಟೆಕ್ಟ್. ಓದಿದ್ದು ಹಾನ್ಸ್ ಪೋಲ್ಟ್ಸಿಗ್ ಅವರ ಕೈಕೆಳಗೆ. 1933ರಲ್ಲಿ ಅಲ್ಲಿನ ದೊಡ್ಡ ಪ್ರಶಸ್ತಿ, ಶಿಂಕೆಲ್ ಬಹುಮಾನ ಬಂತು. ಅದೇ ವರ್ಷ ಹಿಟ್ಲರನ ಸರ್ಕಾರ ಕೆಲಸ ಕಿತ್ತುಕೊಂಡಿತು. ಬಹುಮಾನವೂ ಗೇಟ್‌ಪಾಸೂ ಒಂದೇ ವರ್ಷದಲ್ಲಿ! ಅಲ್ಲಿಂದ ಈಜಿಪ್ಟ್‌ಗೆ ಹೋದರು. ನೆಫರ್ಟೀಟಿಯ ಪ್ರತಿಮೆ ಅಗೆದು ತೆಗೆದ ಲುಡ್ವಿಗ್ ಬೋರ್ಖಾರ್ಟ್ ಅವರ ಜೊತೆ ಪುರಾತನ ಕಟ್ಟಡಗಳ ಕೆಲಸ ಮಾಡಿದರು. ಅವರ ಪಿಎಚ್‌ಡಿ ಯಾವುದರ ಮೇಲೆ ಗೊತ್ತಾ? ಹಳೇ ಈಜಿಪ್ಟಿನವರು ಬಾಗಿಲು ಹೇಗೆ ಮಾಡುತ್ತಿದ್ದರು ಅನ್ನೋದರ ಮೇಲೆ. ಬಾಗಿಲು! ನನಗೆ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿ.

1939ರಲ್ಲಿ ಬೆಂಗಳೂರಿಗೆ ಬಂದರು. ಅವರ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಮುಂದೆ ನೊಬೆಲ್ ಪಡೆದವರು. ಬಾರ್ನ್ ಮೂವತ್ತರ ದಶಕದ ಮಧ್ಯದಲ್ಲಿ ಸಿ. ವಿ. ರಾಮನ್ ಕರೆದರೆಂದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದು ಹೋಗಿದ್ದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಈ ತರುಣನ ಪರಿಚಯ ಆಗಿದ್ದು ಆ ನಂಟಿನಿಂದ. ನಮ್ಮಲ್ಲಿ ಸೋದರಮಾವ ಕೆಲಸ ಕೊಡಿಸಿದರೆ ಹತ್ತರಲ್ಲಿ ಒಂಬತ್ತು ಸಲ ಇಲಾಖೆ ಹಾಳಾಗುತ್ತೆ. ಇದು ಹತ್ತನೆಯದು.

ಮಿರ್ಜಾ ಅವರಿಗೆ ಗುಮ್ಮಟ, ಕಮಾನು ಅಂದರೆ ಇಷ್ಟ. ಊರು ಚೆಂದ ಕಾಣಬೇಕು. ಕೋನಿಗ್ಸ್‌ಬರ್ಗರ್ ಬರ್ಲಿನ್ ಆಧುನಿಕರು, ಚಪ್ಪಟೆ ತಾರಸಿ, ಕುಸುರಿ ಇಲ್ಲದ ಗೋಡೆಯವರು. ಎಳೆದಾಟ ಇಲ್ಲದೆ ಇರುತ್ತಾ? ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಪೆವಿಲಿಯನ್ ಆ ಕಾಲದ್ದು, ಅವರದೇ ಕೆಲಸ. ಆಮೇಲೆ ಇನ್‌ಸ್ಟಿಟ್ಯೂಟಿನ ಒಳಗೆ ಏರೋನಾಟಿಕ್ಸ್, ಮೆಟಲರ್ಜಿ ವಿಭಾಗಗಳನ್ನು ಮಾಡಿದರು, ಊಟದ ಹಾಲ್ ಮತ್ತು ಸಭಾಂಗಣ ಮಾಡಿದರು. ಅಲ್ಲಿ ನಿಜವಾದ ಕೋನಿಗ್ಸ್‌ಬರ್ಗರ್ ಕಾಣುತ್ತಾರೆ. ಒಂದು ಕಂಬವನ್ನೂ ಶೋಕಿಗೆ ನಿಲ್ಲಿಸಿಲ್ಲ.

ಈಗ ನೋಡಿ, ಇವರು ಪಕ್ಕಾ ಆಧುನಿಕರು. ಹಳೇ ತೊಟ್ಟಿಮನೆ ನೆನೆದು ಕಣ್ಣೀರು ಹಾಕೋ ಪೈಕಿ ಅಲ್ಲ. ಅದಕ್ಕೇ ನನಗೆ ಉರಿಯೋದು. ಗಾಜು ಬೇಡ ಅಂದ ಕೂಡಲೇ "ನಿಮಗೆ ಮಾಡರ್ನ್ ಇಷ್ಟ ಇಲ್ಲ, ಹೆಂಚಿನ ಮನೆ ಬೇಕು" ಅಂತಾರೆ. ಸ್ವಾಮೀ, ಈ ಊರಿಗೆ ಮಾಡರ್ನ್ ತಂದವರೇ ಗಾಜಿನ ಡಬ್ಬಿ ಮಾಡಲಿಲ್ಲ!

ಬಿಸಿಲಿನ ಲೆಕ್ಕ ಏನೂ ಗುಟ್ಟಲ್ಲ. ಬೆಂಗಳೂರು ಇರೋದು ಹೆಚ್ಚು ಕಮ್ಮಿ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದರೂ ಮಧ್ಯಾಹ್ನಕ್ಕೆ 50 ಡಿಗ್ರಿಗಿಂತ ಮೇಲೇ. ಹಾಗಾಗಿ ಉತ್ತರ, ದಕ್ಷಿಣದ ಗೋಡೆಗಳನ್ನು ಕಾಪಾಡೋದು ಸುಲಭ. ಒಂದು ಹದವಾದ ಸಜ್ಜಾ ಸಾಕು. ಪೂರ್ವ, ಪಶ್ಚಿಮ ಹಾಗಲ್ಲ. ಸಂಜೆ ಬಿಸಿಲು ಓರೆಯಾಗಿ, ತಗ್ಗಿನಲ್ಲಿ ಬರುತ್ತೆ. ಸಜ್ಜಾ ಎಷ್ಟೇ ಚಾಚಿದರೂ ಅದರ ಕೆಳಗಿಂದ ನುಗ್ಗುತ್ತೆ. ಆದ್ದರಿಂದ ಕಟ್ಟಡದ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಪಶ್ಚಿಮಕ್ಕೆ ಚಿಕ್ಕ ಗೋಡೆ ಸಿಗಲಿ, ಅಲ್ಲಿ ಮೆಟ್ಟಿಲು, ಬಾತ್‌ರೂಮ್ ತಳ್ಳಿ. ಗಾಳಿಗೆ ಎದುರುಬದುರು ಕಿಟಕಿ ಇಡಿ. ಮುಗೀತು. 900 ಮೀಟರ್ ಎತ್ತರದ ಈ ಊರಿನಲ್ಲಿ ವರ್ಷದ ಬಹುಪಾಲು ದಿನ ಫ್ಯಾನ್ ಸಾಕಾಗುತ್ತೆ. ಇವತ್ತಿನ ಮಹಾನುಭಾವರು ಊರಿನ ಅತಿ ಕೆಟ್ಟ ದಿಕ್ಕನ್ನು ಆರಿಸಿ, ಅಲ್ಲಿಗೆ ಅತಿ ಉದ್ದದ ಗೋಡೆ ಕೊಟ್ಟು, ಆ ಗೋಡೆಗೆ ಬಿಸಿಲನ್ನು ಒಳಗೆ ಬಿಟ್ಟು ಕಾವನ್ನು ಹೊರಗೆ ಬಿಡದ ವಸ್ತು ಅಂಟಿಸಿದ್ದಾರೆ. ಬೇಕು ಅಂತಲೇ ಮಾಡಿದರೂ ಇಷ್ಟು ಕರಾರುವಾಕ್ಕಾಗಿ ತಪ್ಪಲು ಆಗಲ್ಲ.

"ಈಗ ಡಬಲ್ ಗ್ಲೇಜಿಂಗ್ (ಎರಡು ಪದರದ ಗಾಜು) ಬಂದಿದೆ, ಕೋಟಿಂಗ್ ಇದೆ, ಗ್ರೀನ್ ರೇಟಿಂಗ್ ಇದೆ" ಅಂತ ಕಾಮೆಂಟ್ ಹಾಕಲು ಈಗಾಗಲೇ ಬೆರಳು ಮಡಿಸಿದವರಿಗೆ: ಹೌದು, ಬಂದಿದೆ. ಹಳೇ ಗಾಜಿಗಿಂತ ಚೆನ್ನಾಗಿದೆ. ನೆರಳು ಬಿದ್ದ ಸಾದಾ ಇಟ್ಟಿಗೆ ಗೋಡೆಯ ಮುಂದೆ ಅದರ ಆಟ ನಡೆಯಲ್ಲ. ಮತ್ತೆ, ಅಷ್ಟು ಚೆನ್ನಾಗಿದ್ದರೆ ಪರದೆ ಯಾಕಪ್ಪಾ? "ಅವರು ಕಟ್ಟಿದ್ದು ಕಡಿಮೆ ಎತ್ತರದ ಕಟ್ಟಡ, ಈಗಿನ ಭೂಮಿ ಬೆಲೆಗೆ ಅದು ಆಗುತ್ತಾ" ಅನ್ನೋರೂ ಇದ್ದಾರೆ. ಹನ್ನೊಂದು ಮಹಡಿ ಕಟ್ಟಿ, ಹನ್ನೊಂದು ಸಜ್ಜಾ ಹಾಕಿ. ಯಾರು ಬೇಡ ಅಂದರು?

ನನ್ನದು ಏಸಿ ಲೋಡ್ ಲೆಕ್ಕ ಹಾಕೋ ಕೆಲಸ, ಅಂದರೆ ಯಾವ ಕಟ್ಟಡಕ್ಕೆ ಎಷ್ಟು ಏಸಿ ಬೇಕು ಅಂತ ಹೇಳೋದು. ಇಂಥ ಗಾಜಿನ ಕಟ್ಟಡ ಜಾಸ್ತಿ ಆದಷ್ಟೂ ನನಗೆ ಕೆಲಸ ಜಾಸ್ತಿ. ನನ್ನ ಮನೆ ಸಾಲದ ಕಂತು ಕಟ್ಟುತ್ತಿರೋದು ಆ ಪಶ್ಚಿಮದ ಗೋಡೆಗಳೇ. ಊರೆಲ್ಲಾ ಸಜ್ಜಾ ಹಾಕಿಕೊಂಡರೆ ಮೊದಲು ಬೀದಿಗೆ ಬೀಳೋನು ನಾನು. ಹೀಗಿದ್ದೂ ಬೈತಾ ಇದ್ದೀನಿ ಅಂದರೆ ಹೊಟ್ಟೆಯಲ್ಲಿ ಎಷ್ಟು ಉರಿ ಇರಬೇಕು ಲೆಕ್ಕ ಹಾಕಿ.

ಕೋನಿಗ್ಸ್‌ಬರ್ಗರ್ ಎಲ್ಲದರಲ್ಲೂ ಗೆದ್ದರು ಅಂತ ಪೂಜೆ ಮಾಡೋಕೆ ಹೊರಟಿಲ್ಲ. ಟಾಟಾದವರಿಗೆ ಜಮ್‌ಶೆಡ್‌ಪುರದ ಯೋಜನೆ ಮಾಡಿಕೊಟ್ಟರು, 1948ರಲ್ಲಿ ಭುವನೇಶ್ವರದ ನಕ್ಷೆ ಬರೆದರು. ಅದೇ ವರ್ಷ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು. ದೇಶ ಒಡೆದು ಬಂದ ನಿರಾಶ್ರಿತರಿಗೆ ಬೇಗ ಬೇಗ ಮನೆ ಬೇಕಿತ್ತು. ಕಾಂಕ್ರೀಟ್ ಹಲಗೆಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು ಜೋಡಿಸುವ ಯೋಜನೆ ಹಾಕಿದರು. ಕೆಟ್ಟದಾಗಿ ಸೋತಿತು. 1951ರಲ್ಲಿ ದೇಶ ಬಿಟ್ಟು ಲಂಡನ್‌ಗೆ ಹೋದರು. ಹೋಗಿ ಸುಮ್ನೆ ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಕೂರಲಿಲ್ಲ. ಅಲ್ಲಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಉಷ್ಣವಲಯದ ಕಟ್ಟಡಗಳಿಗೆಂದೇ ಇದ್ದ ವಿಭಾಗವನ್ನು ವರ್ಷಗಟ್ಟಲೆ ನಡೆಸಿದರು. 1974ರಲ್ಲಿ ಮೂವರ ಜೊತೆ ಸೇರಿ ಅದರದ್ದೇ ಒಂದು ಕೈಪಿಡಿ ಬರೆದರು. ಸೂರ್ಯನ ದಾರಿಯ ನಕ್ಷೆ, ನೆರಳಿನ ಕೋನ ಅಳೆಯೋ ವಿಧಾನ, ಎಲ್ಲಾ ಇದೆ ಅದರಲ್ಲಿ. ನಮ್ಮ ಆರ್ಕಿಟೆಕ್ಚರ್ ಕಾಲೇಜುಗಳ ಲೈಬ್ರರಿಯಲ್ಲಿ ಕೇಳಿ ನೋಡಿ, ಸಿಗುತ್ತೆ. ಪರೀಕ್ಷೆಗೆ ಓದುತ್ತಾರೆ ಕೂಡ. ಪರೀಕ್ಷೆ ಮುಗಿದ ಮಾರನೇ ದಿನ ಗಾಜಿನ ಕಂಪನಿಯ ಕ್ಯಾಟಲಾಗ್ ತೆಗೀತಾರೆ.

ಹೊಟ್ಟೆ ಉರಿಗೆ ಇನ್ನೊಂದು ಕಾರಣ ಬಾಕಿ ಇದೆ. ಬೆಂಗಳೂರನ್ನು ಸಿಂಗಾಪುರ ಮಾಡ್ತೀವಿ ಅನ್ನೋ ಮಾತು ಎಷ್ಟು ವರ್ಷದಿಂದ ಕೇಳ್ತಾ ಇದ್ದೀವಿ? ಆ ಸಿಂಗಾಪುರ ಇನ್ನೂ ಗುಡಿಸಲು, ಕಿಕ್ಕಿರಿದ ಗಲ್ಲಿಗಳ ಊರಾಗಿದ್ದಾಗ, 1963ರಲ್ಲಿ, ಊರನ್ನು ಹೇಗೆ ಬೆಳೆಸಬೇಕು ಅಂತ ಸಲಹೆ ಕೊಡಲು ವಿಶ್ವಸಂಸ್ಥೆ ಮೂರು ಜನರನ್ನು ಕಳಿಸಿತು. ಚಾರ್ಲ್ಸ್ ಏಬ್ರಮ್ಸ್, ಸುಸುಮು ಕೋಬೆ, ಮೂರನೆಯವರು ನಮ್ಮ ಕೋನಿಗ್ಸ್‌ಬರ್ಗರ್. ನಡುವಿನ ನೀರಿನ ಜಲಾನಯನ ಪ್ರದೇಶವನ್ನು ಹಾಗೇ ಬಿಟ್ಟು, ಅದರ ಸುತ್ತ ಉಂಗುರದ ಹಾಗೆ ಪಟ್ಟಣಗಳನ್ನು ಬೆಳೆಸಿ ಅಂದರು. ಸಿಂಗಾಪುರದವರು ಕೇಳಿಸಿಕೊಂಡರು. ನಾವು ಅವರ ಊರು ನೋಡಿ ಬರಲು ಸರ್ಕಾರಿ ಖರ್ಚಿನಲ್ಲಿ ತಂಡ ಕಳಿಸುತ್ತೀವಿ. ಮುಂದಿನ ತಂಡಕ್ಕೆ ನನ್ನದೊಂದು ಸಲಹೆ: ಟಿಕೆಟ್ ಕ್ಯಾನ್ಸಲ್ ಮಾಡಿ ಯಶವಂತಪುರದ ಹತ್ತಿರ ಬಸ್ ಇಳಿಯಿರಿ, ಇನ್‌ಸ್ಟಿಟ್ಯೂಟಿನ ಗೇಟಿನಲ್ಲಿ ಪರ್ಮಿಷನ್ ಕೇಳಿ ಮೆಟಲರ್ಜಿ ವಿಭಾಗ ನೋಡಿ. ಟೋಪಿ, ಕನ್ನಡಕ ತರೋದು ಬೇಡ. ಡ್ಯೂಟಿ ಫ್ರೀ ಅಂಗಡಿ ಮಾತ್ರ ಇಲ್ಲ ಅಲ್ಲಿ, ಮೊದಲೇ ಹೇಳಿಬಿಡ್ತೀನಿ.