ನಡುವಿನಲ್ಲಿ ಯಾರೂ ಇಲ್ಲವಲ್ಲ ಅಳಿಯಂದಿರೇ

12-11. ಕಬಡ್ಡಿ ಸ್ಕೋರ್ ಅಲ್ಲ, ಇಂಗ್ಲೆಂಡಿನ ಲೀಗ್ ಕಪ್ ಫುಟ್ಬಾಲಿನಲ್ಲಿ ನಮ್ಮ ಮ್ಯಾಂಚೆಸ್ಟರ್ ಯುನೈಟೆಡ್ ನಿನ್ನೆ ರಾತ್ರಿ ಪೆನಾಲ್ಟಿಯಲ್ಲಿ ಸೋತ ಲೆಕ್ಕ. ಬೆಳಿಗ್ಗೆ ಭಾವ ಕೇಳಿದ್ದೇ ಹಾಗೆ, "ಇದೆಂತ ಕಬಡ್ಡಿಯಾ?" ಅಂತ, ಬಾಯಲ್ಲಿ ದೋಸೆ ಇಟ್ಟುಕೊಂಡು, ಎಲ್ಲರ ಎದುರು.

ಅದನ್ನಾದರೂ ತಡೆದುಕೊಳ್ಳಬಹುದು. ಅವನು ಲಿವರ್‌ಪೂಲ್‌ನವ, ಏಪ್ರಿಲ್‌ನಲ್ಲಿ ಲೀಗ್ ಗೆದ್ದ ಮೇಲೆ ಅವನ ಕಾಲು ನೆಲದಲ್ಲಿ ಇಲ್ಲ. ನನಗೆ ತಡೆಯದೆ ಇರುವುದು ಮಾವ ಹೇಳಿದ ಮಾತು. ಮಾವ ಜೀವಮಾನದಲ್ಲಿ ಫುಟ್ಬಾಲ್ ನೋಡಿದವರಲ್ಲ. ಆಫ್‌ಸೈಡ್ ಅಂದರೆ ಎಂತ ಅಂತ ಗೊತ್ತಿಲ್ಲ. ಗೋಲಿ, ಅಂದರೆ ಗೋಲ್ ಕಾಯುವವ, ಯಾಕೆ ಬೇರೆ ಬಣ್ಣದ ಅಂಗಿ ಹಾಕಿದ್ದಾನೆ ಅಂತಲೂ ಗೊತ್ತಿಲ್ಲ. ಅಂಥವರು ಮೂರು ನಿಮಿಷ ನೋಡಿ ಹೇಳಿದ್ದನ್ನು ಆ ಕ್ಲಬ್ಬಿನಲ್ಲಿ ಕೋಟಿಗಟ್ಟಲೆ ಸಂಬಳ ತಗೊಳ್ಳುವ ಒಬ್ಬನಿಗಾದರೂ ಹೇಳಲಿಕ್ಕೆ ಆಗುವುದಿಲ್ಲವಾ?

ಇರಲಿ. ಮೊದಲಿನಿಂದ ಹೇಳುತ್ತೇನೆ. ಅಲ್ಲ, ಮೊದಲು ಎಲ್ಲಿ ಅಂತ ನನಗೇ ಗೊತ್ತಿಲ್ಲ.

ನಿನ್ನೆ ಚೌತಿ, 2025ರ ಆಗಸ್ಟ್ 27. ಮುಸ್ಸಂಜೆಗೆ ಮಳೆ ಸ್ವಲ್ಪ ಬಿಟ್ಟಿತು, ಮೋಡ ಸರಿಯಿತು, ತೋಟದ ಮೇಲೆ ಚಂದ್ರ ಕಂಡ. ನಾನು ನೋಡಿದೆ. ಅತ್ತೆ "ನೋಡ್ಬೇಡಿ" ಎಂದು ಕೂಗುವಷ್ಟರಲ್ಲಿ ನೋಡಿ ಆಗಿತ್ತು. ಕೃಷ್ಣನಿಗೆ ಶಮಂತಕ ಮಣಿ ಕದ್ದ ಅಪವಾದ ಬಂತು, ನಾನು ಕದಿಯುವುದಕ್ಕೆ ಇಲ್ಲಿ ಎಂತ ಉಂಟು ಅಂತ ನಗಾಡಿದೆ. ಈಗ ನೋಡಿ. ಇಂಗ್ಲೆಂಡಿನಲ್ಲಿ ಯಾರೋ ಮಾಡಿದ ತಪ್ಪಿಗೆ ಕಾಸರಗೋಡಿನ ಮುಳ್ಳೇರಿಯದ ಹತ್ತಿರದ ಒಂದು ಜಗಲಿಯಲ್ಲಿ ನಾನು ತಲೆ ತಗ್ಗಿಸಿ ಕೂತಿದ್ದೇನೆ.

ಆಟ ಶುರುವಾದದ್ದು ರಾತ್ರಿ ಹನ್ನೆರಡೂವರೆಗೆ. ಒಳಗೆ ನೆಟ್‌ವರ್ಕ್ ಇಲ್ಲ, ಹಾಗಾಗಿ ಜಗಲಿಯ ಮೂಲೆ, ಕಿವಿಗೆ ಇಯರ್‌ಫೋನ್, ಕಾಲಿಗೆ ಸೊಳ್ಳೆ. ಅರ್ಧ ಆಟ ಮುಗಿಯುವಾಗ 2-0. ನಮಗೆ ಅಲ್ಲ, ಅವರಿಗೆ. ನಾಲ್ಕನೇ ದರ್ಜೆಯ ಲೀಗ್‌ನಲ್ಲಿ ಆಡುವ ಗ್ರಿಮ್ಸ್‌ಬಿಗೆ. ಎರಡನೇ ಗೋಲಿನಲ್ಲಿ ನಮ್ಮ ಗೋಲಿ ಒನಾನಾ ಕಾರ್ನರ್ ಹಿಡಿಯಲು ಹಾರಿದ್ದು ನೋಡಿದರೆ ರಾತ್ರಿ ಬಾವಲಿ ಓಡಿಸುವವರ ಹಾಗಿತ್ತು. ಅದನ್ನು ಒಳಗೆ ತಳ್ಳಿದವ ಟೈರೆಲ್ ವಾರೆನ್, ನಮ್ಮದೇ ಅಕಾಡೆಮಿಯಲ್ಲಿ ಬೆಳೆದ ಹುಡುಗ. ಆಗಲೇ ಫೋನ್ ಆಫ್ ಮಾಡಿ ಮಲಗಬೇಕಿತ್ತು. ಮಾಡಲಿಲ್ಲ. 75ನೇ ನಿಮಿಷಕ್ಕೆ ನಮ್ಮ ಎಂಬ್ಯೂಮೋ ಗೋಲು, 89ಕ್ಕೆ ಮಗ್ವಾಯರ್. 2-2. ಈ ಕ್ಲಬ್ಬಿನ ದೊಡ್ಡ ಕೆಟ್ಟಬುದ್ಧಿ ಇದೇ. ನೆಟ್ಟಗೆ ಸಾಯಲಿಕ್ಕೂ ಬಿಡುವುದಿಲ್ಲ.

ಆಮೇಲೆ ಪೆನಾಲ್ಟಿ. ನಮ್ಮ ಐದನೆಯದು ಕುನ್ಯಾನದು. ಅದು ಒಳಗೆ ಹೋದರೆ ಮುಗೀತು, ನಾವು ಗೆದ್ದೆವು. ನಾನು ಎದ್ದು ನಿಂತಿದ್ದೆ, ಎರಡೂ ಕೈ ಮೇಲೆ. ಗೋಲಿ ಹಿಡಿದುಬಿಟ್ಟ. ನನ್ನ ಬಾಯಿಂದ ಒಂದು ಬೊಬ್ಬೆ ಬಂತು, ಅದು ಯಾವ ಭಾಷೆಯದ್ದು ಅಂತ ನನಗೂ ಗೊತ್ತಿಲ್ಲ. ಇಯರ್‌ಫೋನ್ ಹಾಕಿದವರಿಗೆ ತಮ್ಮ ಸ್ವರ ಎಷ್ಟು ದೊಡ್ಡದು ಅಂತ ತಿಳಿಯುವುದಿಲ್ಲ ಅಲ್ವಾ? ಒಳಗೆ ಲೈಟ್ ಬಿತ್ತು. ಅತ್ತೆ ಎದ್ದರು, ಇವಳು ಎದ್ದಳು, ಮಕ್ಕಳು ಅತ್ತವು, ನಾಯಿ ಸರಪಳಿ ಎಳೆಯಿತು. ಮಾವ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕತ್ತಿ ಹಿಡಿದು ಹೊರಗೆ ಬಂದು ಕೇಳಿದ್ದು:

"ಆನೆ ಬಂತಾ?"

ಇಲ್ಲಿನ ಕಾರಡ್ಕ ಕಡೆಯವರಿಗೆ ಇದು ತಮಾಷೆಯ ಪ್ರಶ್ನೆ ಅಲ್ಲ. ಆನೆ ಬಂದರೆ ಒಂದು ರಾತ್ರಿಯಲ್ಲಿ ಬಾಳೆ, ತೆಂಗಿನ ಸಸಿ ಎಲ್ಲ ಹೋಗುತ್ತದೆ. ಆ ಮನುಷ್ಯ ಎಪ್ಪತ್ತರ ಪ್ರಾಯದಲ್ಲಿ ಆನೆ ಓಡಿಸಲು ತಯಾರಾಗಿ ಬಂದಿದ್ದಾರೆ, ನಾನು ಮೂರು ಇಂಚು ಎತ್ತರದ ಒಬ್ಬ ಬ್ರೆಜಿಲಿನವನನ್ನು ನೋಡಿ ಕಿರುಚಿದ್ದೇನೆ. "ಆನೆ ಅಲ್ಲ ಮಾವ, ಫುಟ್ಬಾಲ್" ಅಂದೆ. ಇದಕ್ಕಿಂತ ಸಣ್ಣದಾದ ವಾಕ್ಯ ನಾನು ಜೀವನದಲ್ಲಿ ಹೇಳಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೇದಿತ್ತು. ಹಿಂದೆ ನಿಂತು ನೋಡಿದರು. ಕುನ್ಯಾನ ನಂತರ ಇನ್ನೂ 16 ಹೊಡೆತ ಇದ್ದವು ಅಂತ ಆಗ ಯಾರಿಗೆ ಗೊತ್ತು! ಎರಡೂ ಕಡೆಯವರು ಹೊಡೆಯುತ್ತಲೇ ಇದ್ದಾರೆ, ಎಲ್ಲ ಒಳಗೆ ಹೋಗುತ್ತಲೇ ಉಂಟು, ಮಾವ ಟಾರ್ಚ್ ಆರಿಸದೆ ನಿಂತಿದ್ದಾರೆ. ನಡುವೆ ಕ್ಯಾಮೆರಾ ನಮ್ಮ ಮ್ಯಾನೇಜರ್ ಅಮೋರಿಮ್‌ನನ್ನು ತೋರಿಸಿತು. ಮುದುರಿ ಕೂತಿದ್ದ. ಮೈದಾನ ನೋಡುತ್ತಲೇ ಇರಲಿಲ್ಲ.

"ಆ ಗಡ್ಡದವ ಯಾರು?"

"ಅವನೇ ಯಜಮಾನ, ಮಾವ."

"ಯಜಮಾನನೇ ನೋಡುವುದಿಲ್ಲವಲ್ಲ. ಮತ್ತೆ ನೀವು ಯಾಕೆ ನೋಡುವುದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಎಂಬ್ಯೂಮೋನ ಚೆಂಡು ಮೇಲಿನ ಕಂಬಕ್ಕೆ ತಾಗಿತು, ಮುಗೀತು. ಮಾವ ಟಾರ್ಚ್ ಆರಿಸಿ ಒಳಗೆ ಹೋದರು.

ಬೆಳಿಗ್ಗೆ ಆದದ್ದು ಇದಕ್ಕಿಂತ ಕಷ್ಟ. ಜಗಲಿಯಲ್ಲಿ ಒಂಬತ್ತು ಜನ. ತೋಟಕ್ಕೆ ಮದ್ದು ಬಿಡಲು ಬಂದವರೂ ಇದ್ದರು, ಮಳೆ ನಿಲ್ಲಲಿ ಅಂತ ಚಾ ಕುಡಿಯುತ್ತಾ ಕಾಯುತ್ತಿದ್ದರು. ಭಾವ ಫೋನ್ ತೆಗೆದು ಹೈಲೈಟ್ಸ್ ಹಾಕಿದ. ಅದೂ ಸುಮ್ನೆ ಅಲ್ಲ, ಸ್ಟೀಲ್ ಲೋಟಕ್ಕೆ ಒರಗಿಸಿ, ಮಾವನಿಗೆ ಕಾಣುವ ಹಾಗೆ. ಮೊದಲ ಗೋಲು ಬಂತು. ಎರಡನೇ ಗೋಲು ಬಂತು. ಗ್ರಿಮ್ಸ್‌ಬಿಯವರು ಚೆಂಡು ಹಿಡಿದು ನಡುವಿನಿಂದ ಆರಾಮವಾಗಿ ಬರುತ್ತಿದ್ದಾರೆ, ದೇವಸ್ಥಾನಕ್ಕೆ ಹೋಗುವವರ ಹಾಗೆ. ಮಾವ ಕನ್ನಡಕ ಸರಿ ಮಾಡಿಕೊಂಡರು. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

"ನಡುವಿನಲ್ಲಿ ಯಾರೂ ಇಲ್ಲವಲ್ಲ ಅಳಿಯಂದಿರೇ."

ಎಲ್ಲರೂ ನನ್ನನ್ನು ನೋಡಿದರು. ನಾನೇ ಅಲ್ಲಿ ನಿಲ್ಲಬೇಕಿದ್ದವ, ಕೆಲಸ ತಪ್ಪಿಸಿ ಇಲ್ಲಿ ಬಂದು ದೋಸೆ ತಿನ್ನುತ್ತಿದ್ದೇನೆ ಅನ್ನುವ ಹಾಗೆ. ನಾನು ವಿವರಿಸಲು ಹೋದೆ. ಹೋಗಬಾರದಿತ್ತು. "ಇದು 3-4-3 ಮಾವ, ಹಿಂದೆ ಮೂವರು, ಮುಂದೆ ಮೂವರು, ಉಳಿದ ನಾಲ್ವರಲ್ಲಿ ಇಬ್ಬರು ಬದಿಗೆ, ನಡುವಿಗೆ ಇಬ್ಬರೇ, ಆ ಇಬ್ಬರು..." ಅಂತ ಶುರು ಮಾಡಿದೆ. ಮದ್ದು ಬಿಡುವವರಲ್ಲಿ ಒಬ್ಬರು ಮೊಗ್ರಾಲ್ ಕಡೆಯವರು, ಅಲ್ಲಿ ಫುಟ್ಬಾಲ್ ಹಾಲಿನ ಜೊತೆಗೇ ಕುಡಿಸುತ್ತಾರೆ. ಅವರು ಲೋಟ ಕೆಳಗಿಟ್ಟು, ಬಹಳ ಮರ್ಯಾದೆಯಿಂದ ಹೇಳಿದರು: "ಮಾಷ್ಟ್ರೇ, ನಾವು ಸೆವೆನ್ಸ್ ಆಡುವಾಗಲೂ ನಡುವಿಗೆ ಇಬ್ಬರನ್ನು ಇಡ್ತೇವೆ. ಅಲ್ಲಿ ಏಳೇ ಜನ."

ಏಳು ಜನರಲ್ಲಿ ಇಬ್ಬರು. ಹನ್ನೊಂದು ಜನರಲ್ಲೂ ಇಬ್ಬರು. ಗದ್ದೆ ಕೊಯ್ಲಾದ ಮೇಲೆ ಅಡಿಕೆ ಮರದ ಗ್ಯಾಲರಿ ಕಟ್ಟಿ ಲೈಟ್ ಹಾಕಿ ಆಡುವವರಿಗೆ ಗೊತ್ತಿರುವ ಲೆಕ್ಕ ಇದು! ಹನ್ನೊಂದು ಜನರ ಮೈದಾನ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ ದೊಡ್ಡದು. ನಾನು ಎದ್ದು ಕೈ ತೊಳೆಯಲು ಹೋದೆ. ದೋಸೆ ಇನ್ನೂ ಅರ್ಧ ಇತ್ತು.

ಈಗ ಮಧ್ಯಾಹ್ನ, ಎಲ್ಲರೂ ಉಂಡು ಮಲಗಿದ್ದಾರೆ, ನನಗೆ ನಿದ್ದೆ ಬರುವುದಿಲ್ಲ.

ಒಂದು ವಿಷಯ ಯಾರಾದರೂ ಹೇಳಿ. ನಿನ್ನೆ ಉಗಾರ್ತೆ, ಮೈನೂ ಇಬ್ಬರೇ ನಡುವೆ. ಅರ್ಧ ಆಟದ ನಂತರ ಬ್ರೂನೋ ಬಂದ. ಅವನು ಗೋಲಿನ ಹತ್ತಿರ ಆಡಬೇಕಾದವ, ಅವನನ್ನು ಕೆಳಗೆ ಎಳೆದು ಕಾವಲಿಗೆ ನಿಲ್ಲಿಸಿದ್ದಾರೆ. ನಡುವಿನ ಇನ್ನೊಬ್ಬ ಕಾಸೆಮಿರೋಗೆ 33 ಆಯಿತು. ಇದ್ದ ಮೆಕ್‌ಟೊಮಿನೆಯನ್ನು 2024ರ ಆಗಸ್ಟ್‌ನಲ್ಲಿ ನಾಪೋಲಿಗೆ ಮಾರಿದರು. ಅವನು ಹೋದ ಮೊದಲ ವರ್ಷವೇ ನಾಪೋಲಿ ಇಟಲಿಯ ಲೀಗ್ ಗೆದ್ದಿತು, ಅವನಿಗೆ 12 ಗೋಲು, ಆ ಲೀಗ್‌ನ ಅತ್ಯುತ್ತಮ ಆಟಗಾರ ಅಂತ ಪ್ರಶಸ್ತಿ. ಅದೇ ವರ್ಷ ನಾವು 42 ಅಂಕ, 15ನೇ ಸ್ಥಾನ. ಯೂರೋಪಾ ಲೀಗ್ ಫೈನಲ್‌ನಲ್ಲಿ ಟೋಟನ್‌ಹ್ಯಾಮ್‌ಗೆ 0-1. ಇಷ್ಟೆಲ್ಲ ಆದ ಮೇಲೆ ಅವರ ಬೇಸಿಗೆಯಲ್ಲಿ, ಅಂದರೆ ನಮ್ಮ ಮಳೆಗಾಲದಲ್ಲಿ, ತಂದದ್ದು ಯಾರನ್ನು? ಕುನ್ಯಾ, ಎಂಬ್ಯೂಮೋ, ಶೆಷ್ಕೋ. ಮೂವರೂ ಮುಂದಿನವರು. ಸುಮಾರು 20 ಕೋಟಿ ಪೌಂಡ್, ನಮ್ಮ ದುಡ್ಡಿನಲ್ಲಿ ಎರಡು ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ನಡುವಿಗೆ ಸೊನ್ನೆ.

ನಮ್ಮ ಮಾವ ಅಡಿಕೆಗೆ ಬೋರ್ಡೋ ಮದ್ದು ಮಾಡುವುದನ್ನು ಈ ಮ್ಯಾನೇಜರ್‌ಗೆ ಒಮ್ಮೆ ತೋರಿಸಬೇಕು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿಗೆ ಬಣ್ಣ ಉಂಟು, ರೇಟು ಉಂಟು, ಕೊಳೆರೋಗಕ್ಕೆ ಹೊಡೆತ ಕೊಡುವುದೂ ಅದೇ. ಆದರೆ ಸುಣ್ಣ ಕಡಿಮೆಯಾದರೆ ಮದ್ದೇ ತೋಟವನ್ನು ಸುಡುತ್ತದೆ. ಮಾವ ಪ್ರತಿ ಸಲ ಕತ್ತಿಯ ತುದಿ ಅದ್ದಿ ನೋಡುತ್ತಾರೆ, ಕೆಂಪು ಹಿಡಿದರೆ ಇನ್ನೂ ಸುಣ್ಣ ಹಾಕುತ್ತಾರೆ. ಐವತ್ತು ವರ್ಷದ ಅಭ್ಯಾಸ ಇದ್ದರೂ ಅದ್ದಿ ನೋಡದೆ ಒಂದು ಡ್ರಮ್ ಕೂಡ ಬಿಟ್ಟವರಲ್ಲ. ಇಲ್ಲಿ ಇವರು ಮೂರು ಚೀಲ ಮೈಲುತುತ್ತು ತಂದು ಗೇಟಿನ ಎದುರು ಫೋಟೋ ತೆಗೆಸಿಕೊಂಡಿದ್ದಾರೆ. ಸುಣ್ಣ ತರಲು ಯಾರೂ ಹೋಗಿಲ್ಲ.

ಈ ವರ್ಷದ ಲೀಗ್ ಶುರುವಾದದ್ದೇ ಆರ್ಸೆನಲ್ ಎದುರು 0-1, ಫುಲ್ಹಮ್ ಎದುರು 1-1. ಕತ್ತಿ ಆಗಲೇ ಕೆಂಪಾಗಿತ್ತು.

ಹಾಗಾದರೆ ತಪ್ಪು ಯಾರದು? ಮ್ಯಾನೇಜರ್‌ನದು. ಬೇರೆ ಯಾರದು? ಇಬ್ಬರಿಂದ ನಡು ತುಂಬುವುದಿಲ್ಲ ಅಂತ ಕಂಡ ಮೇಲೂ ಅದನ್ನೇ ಹಿಡಿದು ಕೂತಿದ್ದಾನೆ. ಯಕ್ಷಗಾನದಲ್ಲಿ ಚೆಂಡೆಯವರು ಬರದಿದ್ದರೆ ಭಾಗವತರು ಪ್ರಸಂಗ ಬದಲಿಸಿಯಾದರೂ ಆಟ ನಡೆಸುತ್ತಾರೆ, "ನನ್ನ ಪ್ರಸಂಗ ಇದೇ" ಅಂತ ಹಟ ಮಾಡಿ ಜನರನ್ನು ಎಬ್ಬಿಸಿ ಕಳಿಸುವುದಿಲ್ಲ.

ಆದರೆ ಅವನನ್ನು ಕರೆದುಕೊಂಡು ಬಂದವರು ಯಾರು? ಪೋರ್ಚುಗಲಿನ ಸ್ಪೋರ್ಟಿಂಗ್‌ನಲ್ಲಿ ಅವನು ಆಡಿಸಿದ್ದೇ 3-4-3. ಅದು ಗುಟ್ಟಲ್ಲ. 2024ರ ಜುಲೈಯಲ್ಲಿ ಹಿಂದಿನ ಮ್ಯಾನೇಜರ್ ಟೆನ್ ಹಾಗ್‌ನ ಕರಾರು ಮುಂದುವರಿಸಿದರು, ಅಕ್ಟೋಬರ್ 28ಕ್ಕೆ ತೆಗೆದು ಹಾಕಿದರು. ನಾಲ್ಕು ತಿಂಗಳು ಆಗಿರಲಿಲ್ಲ. ಅವನಿಗೆ ಬೇಕಾದವರನ್ನು ತರಿಸಿ, ಅವನನ್ನು ಕಳಿಸಿ, ಬೇರೆ ನಮೂನೆಯ ಆಟದವನನ್ನು ತಂದು, ಇರುವವರಲ್ಲೇ ಮಾಡು ಅಂದರೆ ಅಮೋರಿಮ್ ಆದರೂ ಎಂತ ಮಾಡುತ್ತಾನೆ? ಪಾಪ. ಇಲ್ಲ, ಪಾಪ ಅಲ್ಲ. ಮೈದಾನ ನೋಡದೆ ಕೂತವನಿಗೆ ಎಂತ ಪಾಪ? ನಾನು ಸೊಳ್ಳೆ ಕಚ್ಚಿಸಿಕೊಂಡು ನೋಡಿದ್ದೇನೆ. ಮಾವ ಕತ್ತಿ ಹಿಡಿದು ನೋಡಿದ್ದಾರೆ.

2013ರಲ್ಲಿ ಹಳೆ ಮ್ಯಾನೇಜರ್ ಫರ್ಗ್ಯೂಸನ್ ಹೋದ ಮೇಲೆ ಬಂದವರನ್ನು ಬೆರಳಲ್ಲಿ ಎಣಿಸಲು ಒಂದು ಕೈ ಸಾಲುವುದಿಲ್ಲ. ಪ್ರತಿ ಸಲ ತಪ್ಪು ಮ್ಯಾನೇಜರ್‌ನದೇ. ಹಾಗೆ ಹೇಳುವವರಲ್ಲಿ ನಾನೇ ಮೊದಲು.

ನನ್ನ ಕತೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಭಾವ ಹೇಳುತ್ತಾನೆ. ಮೆಕ್‌ಟೊಮಿನೆಯನ್ನು ಮಾರಿದ ದಿನ "ಒಳ್ಳೇದಾಯ್ತು, ಇವನಿಂದ ಎಂತ ಪ್ರಯೋಜನ" ಅಂತ ನಮ್ಮ ಕುಟುಂಬದ ಗ್ರೂಪಿನಲ್ಲಿ ಬರೆದವ ನಾನೇ. ಭಾವನ ಹತ್ತಿರ ಸ್ಕ್ರೀನ್‌ಶಾಟ್ ಉಂಟು. ಹಬ್ಬಕ್ಕೆ, ಮದುವೆಗೆ, ತಿಥಿಗೆ ಕೂಡ ತೆಗೆದು ತೋರಿಸುತ್ತಾನೆ. ಶೆಷ್ಕೋ ಬಂದಾಗ "ಇನ್ನು ನೋಡಿ ಆಟ" ಅಂತ ಬರೆದವನೂ ನಾನೇ. ಮಿಡ್‌ಫೀಲ್ಡ್ ಬೇಕು ಅಂತ ನಾನು ಕಿರುಚಲು ಶುರು ಮಾಡಿದ್ದು ನಿಜವಾಗಿ ಹೇಳಬೇಕೆಂದರೆ ನಿನ್ನೆ ರಾತ್ರಿ ಒಂದೂಕಾಲು ಗಂಟೆಯಿಂದ. ಅಪವಾದ ಅಂತ ಮೇಲೆ ಬರೆದೆ ಅಲ್ವಾ, ಪೂರ್ತಿ ಅಪವಾದ ಅಲ್ಲ ಅದು.

ಪೆನಾಲ್ಟಿ ನನಗೆ ಆಗಿ ಬರುವುದೇ ಇಲ್ಲ. 2008ರಲ್ಲಿ ಮಾಸ್ಕೋದಲ್ಲಿ ಚೆಲ್ಸಿ ಎದುರು ಗೆದ್ದದ್ದು ನೋಡಿ ಈ ಹುಚ್ಚು ಹಿಡಿಯಿತು, ಆಮೇಲೆ ಎಲ್ಲ ಉಲ್ಟಾ. 2016ರಲ್ಲಿ ನಮ್ಮ ದೇಶದ ಫುಟ್ಬಾಲ್ ಲೀಗ್ ಐಎಸ್‌ಎಲ್ ಫೈನಲ್‌ನಲ್ಲಿ ನಮ್ಮ ಜಿಲ್ಲೆಯ ತ್ರಿಕರಿಪುರದ ಮೊಹಮ್ಮದ್ ರಾಫಿ ತಲೆಯಲ್ಲಿ ಗೋಲು ಹೊಡೆದ, ಕೊನೆಗೆ ನಮ್ಮ ಕೇರಳ ಬ್ಲಾಸ್ಟರ್ಸ್ ಪೆನಾಲ್ಟಿಯಲ್ಲಿ ಸೋತಿತು. 2022ರ ಫೈನಲ್‌ನಲ್ಲೂ ಪೆನಾಲ್ಟಿಯಲ್ಲಿ ಸೋತಿತು. ಬೆಂಗಳೂರಿನ ಚಿಕ್ಕಪ್ಪನ ಮಗ ಕೇಳುತ್ತಾನೆ, "ಆರ್‌ಸಿಬಿಯೇ ಗೆದ್ದಾಯ್ತು, ನಿಮ್ಮದು ಯಾವಾಗ?" ಅಂತ. ಕ್ರಿಕೆಟ್ ನೋಡಿಕೊಂಡು ಸುಖವಾಗಿ ಇರಬಹುದಿತ್ತು ನಾನು. ಕಾಸರಗೋಡಿನಲ್ಲಿ ಹುಟ್ಟಿದ್ದಕ್ಕೆ ಇಷ್ಟು.

ಶಾಲೆಗೆ ಇವತ್ತು ರಜೆ ಹಾಕಿದ್ದೇನೆ. ಓಣಂ ರಜೆಗೆ ಮೊದಲು ಒಮ್ಮೆ ಹೋಗಲೇಬೇಕು. ಏಳನೇ ಕ್ಲಾಸಿನವರು ಬೋರ್ಡಿನಲ್ಲಿ 12-11 ಬರೆದು ಇಟ್ಟಿರುತ್ತಾರೆ, ಗೊತ್ತು. ಕಳೆದ ವಾರ ಅವರಿಗೆ ಭಿನ್ನರಾಶಿ ಕಲಿಸಿದ್ದು ನಾನೇ. "ಮಾಷ್ಟ್ರೇ, ಇದು ವಿಷಮ ಭಿನ್ನರಾಶಿ ಅಲ್ವಾ" ಅಂತ ಕೇಳಿದರೆ ಎಂತ ಹೇಳಲಿ?

ಇನ್ನು ನೋಡುವುದಿಲ್ಲ. ಇದು ಖಂಡಿತ. ಹದಿನೇಳು ವರ್ಷ ಆಯಿತು, ಸಾಕು. ಶನಿವಾರ ಬರ್ನ್ಲಿ ಜೊತೆ ಉಂಟು, ಏಳೂವರೆಗೆ, ಒಳ್ಳೆ ಹೊತ್ತು, ಯಾರ ನಿದ್ದೆಯೂ ಕೆಡುವುದಿಲ್ಲ. ಆದರೂ ನೋಡುವುದಿಲ್ಲ.

ಸೆಪ್ಟೆಂಬರ್ 1ರ ರಾತ್ರಿ ಹನ್ನೊಂದೂವರೆಗೆ ಆಟಗಾರರನ್ನು ಖರೀದಿಸುವ ಅವಧಿ ಮುಗಿಯುತ್ತದೆ. ಬ್ರೈಟನ್‌ನ ನಡುವಿನ ಆಟಗಾರ ಬಲೇಬಾ ವಿಷಯ ಯಾರಿಗಾದರೂ ಗೊತ್ತಿದ್ದರೆ ಹೇಳಿ ಮಾರಾಯ್ರೇ. ಅವನಲ್ಲದಿದ್ದರೆ ಬೇರೆ ಯಾರಾದರೂ. ನಡುವಿನಲ್ಲಿ ನಿಲ್ಲುವ ಒಬ್ಬ ಮನುಷ್ಯ ಸಾಕು. ಮೊಗ್ರಾಲ್‌ನವರು ಮಳೆ ಬಿಟ್ಟದ್ದು ನೋಡಿ ಪಂಪ್ ಹೆಗಲಿಗೆ ಹಾಕುತ್ತಿದ್ದಾರೆ, ಮಾವ ಡ್ರಮ್ಮಿನ ಹತ್ತಿರ ಕತ್ತಿ ಕೇಳುತ್ತಿದ್ದಾರೆ. ರಾತ್ರಿ ತಂದ ಕತ್ತಿ ಇನ್ನೂ ಜಗಲಿಯಲ್ಲಿ ನನ್ನ ಹತ್ತಿರವೇ ಉಂಟು. ಕೊಟ್ಟು ಬರುತ್ತೇನೆ.