ಸಾರಿ ಎಂದರೆ ತಪ್ಪೊಪ್ಪಿಗೆಯಷ್ಟೇ ಅಲ್ಲ

ಕೆನಡಾಕ್ಕೆ ಬಂದ ಕನ್ನಡಿಗರನ್ನು ಮೊದಲು ಗೊಂದಲಕ್ಕೆ ಕೆಡಹುವ ಪದ ‘ಸಾರಿ’. ನಾವೇ ಕಾಲು ತುಳಿದರೂ ತುಳಿಸಿಕೊಂಡವರು ‘ಸಾರಿ’ ಎನ್ನುತ್ತಾರೆ. ಮನೆಯಲ್ಲಿ ಸಾವಾಗಿದೆ ಎಂದು ಸಹೋದ್ಯೋಗಿಗೆ ತಿಳಿಸಿದರೆ ಅವರ ಬಾಯಿಂದ ಬರುವುದೂ ಅದೇ. ‘ಇವರೇಕೆ ಕ್ಷಮೆ ಕೇಳುತ್ತಾರೆ?’ ಎಂದು ನಮ್ಮವರು ತಬ್ಬಿಬ್ಬಾಗುವುದನ್ನು ಕಂಡಿದ್ದೇನೆ. ಈ ಪದವನ್ನು ಕನ್ನಡಕ್ಕೆ ತಂದುಕೊಳ್ಳುವಾಗ ಅದರ ಅರ್ಧವನ್ನಷ್ಟೇ ತಂದುಕೊಂಡೆವು, ಬಿಟ್ಟುಬಂದ ಅರ್ಧವೇ ಹೆಚ್ಚು ಬೆಲೆಯುಳ್ಳದ್ದು ಎಂಬುದು ನನ್ನ ಅನಿಸಿಕೆ.

ಹಳೆಯ ಇಂಗ್ಲಿಷಿನಲ್ಲಿ ಇದು ‘ಸಾರಿಗ್’. ‘ಸಾರ್’ ಎಂದರೆ ನೋವು, ಗಾಯ, ನೊಂದವನು ‘ಸಾರಿಗ್’. ಗಂಟಲು ನೋವಿಗೆ ಇಂದಿಗೂ ಹೇಳುವ ‘ಸೋರ್ ಥ್ರೋಟ್’ನಲ್ಲಿರುವುದು ಅದೇ ಬೇರು. ದುಃಖವೆಂಬ ಅರ್ಥದ ‘ಸಾರೋ’ ಇದರ ಒಡಹುಟ್ಟು ಎಂದು ಅನೇಕರು ಭಾವಿಸುತ್ತಾರೆ. ಅದರ ಮೂಲ ‘ಸೋರ್ಗ್’ ಬೇರೆಯದೇ. ಶತಮಾನಗಳ ಒಡನಾಟದಲ್ಲಿ ಎರಡೂ ಉಚ್ಚಾರದಲ್ಲಿ, ಅರ್ಥದಲ್ಲಿ ಹತ್ತಿರವಾದವು. ದುಃಸ್ಥಿತಿಯಲ್ಲಿರುವುದನ್ನು ಸೂಚಿಸುವ ಅರ್ಥವೂ ನಡುವೆ ‘ಸಾರಿ’ಗೆ ಸೇರಿತು. ‘ಐ ಆ್ಯಮ್’ ಕಳಚಿಕೊಂಡು ಬರಿಯ ‘ಸಾರಿ’ ಎನ್ನುವ ರೂಢಿ ಕಾಣುವುದು 19ನೆಯ ಶತಮಾನದಲ್ಲಿ. ಹುಟ್ಟಿನಿಂದ ಇದು ನೋವಿನ ಪದ. ಕ್ಷಮೆ ಆಮೇಲೆ ಬಂದ ನೆಂಟ.

‘ಕ್ಷಮಿಸಿ’ ಎಂದಾಗ ಎದುರಿನವರಿಗೆ ಒಂದು ಹೊಣೆ ಬೀಳುತ್ತದೆ: ಅವರು ಕ್ಷಮಿಸಬೇಕು. ‘ತಪ್ಪಾಯಿತು’ ಎಂದಾಗ ಮಾಡಿದ್ದನ್ನು ಒಪ್ಪಿಕೊಳ್ಳುತ್ತೇವೆ. ‘ಸಾರಿ’ ಇವೆರಡನ್ನೂ ಮಾಡದೆ, ನನ್ನ ಮನಸ್ಸು ನೊಂದಿದೆ ಎಂದಷ್ಟೇ ತಿಳಿಸಬಲ್ಲದು. ಅದರ ಈ ಗುಣವನ್ನು ಇಲ್ಲಿನ ಕಾನೂನೂ ಗುರುತಿಸಿದೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತ 2006ರಲ್ಲಿ, ಒಂಟಾರಿಯೊ ಪ್ರಾಂತ 2009ರಲ್ಲಿ ಕ್ಷಮಾಪಣೆಗೆಂದೇ ಕಾಯ್ದೆ ತಂದವು. ಅವುಗಳ ಪ್ರಕಾರ ಸಾರಿ ಎಂದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತಾಗದು. ಸಿವಿಲ್ ದಾವೆಯಲ್ಲಿ ಆ ಮಾತನ್ನು ಹೊಣೆಗಾರಿಕೆಗೆ ಪುರಾವೆಯಾಗಿ ಹಿಡಿಯುವಂತಿಲ್ಲ. ಶಸ್ತ್ರಚಿಕಿತ್ಸೆ ಕೈಗೂಡದಿದ್ದಾಗ ವೈದ್ಯರು ರೋಗಿಯ ಮನೆಯವರ ಮುಂದೆ ಮನುಷ್ಯರಾಗಿ ಮಾತನಾಡಲು ಅವಕಾಶವಿರುವುದು ಎಷ್ಟು ದೊಡ್ಡದು!

ಹಾಗೆಂದು ನೊಂದುಕೊಂಡರೆ ಸಾಲದ ಸಂದರ್ಭಗಳೂ ಇವೆ. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಪಂಜಾಬಿನವರೇ ಹೆಚ್ಚಾಗಿದ್ದ 376 ಮಂದಿ ವ್ಯಾಂಕೂವರಿಗೆ ಬಂದರು. ಅವರಲ್ಲಿ ಬಹುತೇಕರನ್ನು ಇಳಿಯಗೊಡದೆ ಹಿಂದಕ್ಕೆ ಕಳುಹಿಸಲಾಯಿತು. 2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ವ್ಯಾಂಕೂವರ್ ಬಳಿಯ ಸರ್ರೆ ನಗರದ ಸಮಾರಂಭವೊಂದರಲ್ಲಿ ಕ್ಷಮೆ ಕೇಳಿದಾಗ ಸಿಖ್ ಸಮುದಾಯದ ಮುಖಂಡರು ಒಪ್ಪಲಿಲ್ಲ. ಸಂಸತ್ತಿನಲ್ಲೇ ಕೇಳಬೇಕೆಂದು ಪಟ್ಟು ಹಿಡಿದರು. ಮುಂದೆ ಪ್ರಧಾನಿಯಾದ ಜಸ್ಟಿನ್ ಟ್ರೂಡೊ 2016ರ ಮೇ 18ರಂದು ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಕೇಳಿದರು. ಆ ಪಟ್ಟು ಸರಿಯಾಗಿಯೇ ಇತ್ತು. ಅಲ್ಲಿ ಬೇಕಾಗಿದ್ದುದು ‘ತಪ್ಪಾಯಿತು’ ಎಂಬ ಮಾತು, ಅದೂ ದೇಶದ ದಾಖಲೆಯಲ್ಲಿ ಉಳಿಯುವಂತೆ.

ತಪ್ಪು ನಮ್ಮದಾದಾಗ ಕನ್ನಡವೇ ಗಟ್ಟಿ. ಬರಿಯ ‘ಸಾರಿ’ಯಲ್ಲಿ ನುಣುಚಿಕೊಳ್ಳಲು ಎಡೆಯಿದೆ, ‘ತಪ್ಪಾಯಿತು’ ಎಂಬುದರಲ್ಲಿ ಇಲ್ಲ. ಆದರೆ ದುಃಖದಲ್ಲಿರುವವರ ಮುಂದೆ ನಾವು ‘ಧೈರ್ಯ ತಂದುಕೊಳ್ಳಿ’ ಎಂದು ಅವರಿಗೇ ಕೆಲಸ ಹೇಳುತ್ತೇವೆ. ಬಳಿಕ ವಿಧಿ, ಕರ್ಮ ಎಂದು ವಿವರಿಸತೊಡಗುತ್ತೇವೆ. ಇಲ್ಲಿನವರು ‘ಸಾರಿ’ ಎಂದು ಪಕ್ಕದಲ್ಲಿ ನಿಲ್ಲುತ್ತಾರೆ. ‘ಕೇಳಿ ನೋವಾಯಿತು’ ಎಂಬ ಮಾತು ನಮ್ಮಲ್ಲಿಯೂ ಇದೆ. ನಾನೀಗ ಊರಿನವರಿಗೆ ಫೋನ್ ಮಾಡಿದಾಗ ಅದನ್ನಷ್ಟೇ ಹೇಳಿ, ಮುಂದಿನ ಮಾತನ್ನು ಅವರಿಗೇ ಬಿಡುತ್ತೇನೆ.